ಕಾರಂಜಿಗೂ ಮೊದಲಿನ ಬೃಂದಾವನ

ಬೃಂದಾವನಕ್ಕೆ ಹೋಗಿಬಂದ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಸಂಗೀತ ಕಾರಂಜಿ. ಕೃಷ್ಣರಾಜಸಾಗರದ ಕೆಳಗಿನ ಈ ತೋಟದ ಹೆಸರೆಲ್ಲ ಅದೊಂದರ ಪಾಲಾಗಿದೆ. ಅಷ್ಟು ಹೆಸರಿಗೆ ಅದು ತಕ್ಕದ್ದಲ್ಲ ಎಂಬುದೇ ನನ್ನ ತಕರಾರು.

ತೋಟ ಮಾಡಿಸಿದ ದಿವಾನ್ ಮಿರ್ಜಾ ಇಸ್ಮಾಯಿಲ್, ಅದನ್ನು ರೂಪಿಸಿದ ಕ್ರುಂಬಿಗಲ್, 1932ಕ್ಕೆ ಮುಗಿದ ಕೆಲಸ: ಈ ಕತೆ ಮೈಸೂರು ಸೀಮೆಗೆ ಬಾಯಿಪಾಠ. ಆದರೆ ತೋಟದ ನಿಜವಾದ ಹೆಚ್ಚುಗಾರಿಕೆ ಇರುವುದು ಹಂತಹಂತವಾಗಿ ನದಿಯತ್ತ ಇಳಿಯುವ ಅದರ ನೆಲದಲ್ಲಿ. ನಡುವೆ ನೀರಿನ ಕಾಲುವೆ, ಎರಡೂ ಬದಿ ನಡೆಯುವ ದಾರಿ. ಮೇಲಿನ ಹಂತದಲ್ಲಿ ನಿಂತವರಿಗೆ ಕಾಣುವುದು ಸಮತಟ್ಟು ನೀರು, ಅದು ತಟಕ್ಕನೆ ಕೊನೆಯಾಗುವ ಅಂಚು; ಧುಮುಕುವ ಸದ್ದು ಮಾತ್ರ ಕೆಳಗಿನಿಂದ ಬರುತ್ತದೆ. ಮೆಟ್ಟಿಲಿಳಿದು ಹಿಂತಿರುಗಿ ನೋಡಿದಾಗಲೇ ಆ ಸದ್ದಿಗೆ ರೂಪ ಸಿಗುವುದು. ಹೀಗೆ ಇಳಿಯುತ್ತ ಹೋದಷ್ಟೂ ಅಣೆಕಟ್ಟೆ ಎತ್ತರವಾಗುತ್ತ ಹೋಗುತ್ತದೆ. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಎಂದು ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಓದುವ ಅಂಕಿ ಇಲ್ಲಿ ಕತ್ತೆತ್ತಿ ನೋಡುವ ಸಂಗತಿಯಾಗುತ್ತದೆ. ಕಟ್ಟೆ ಎಷ್ಟು ದೊಡ್ಡದೆಂದು ಕಾಲಿಗೆ ತಿಳಿಸಿಕೊಡುವ ಇಂಥ ತೋಟ ನನಗೆ ಬೇರೆ ಗೊತ್ತಿಲ್ಲ.

ಇದನ್ನು ಕಾಶ್ಮೀರದ ಶಾಲಿಮಾರ್‌ನ ನಕಲೆಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ಸ್ಫೂರ್ತಿ ಅಲ್ಲಿಯದೇ, ನಿಜ. ಆದರೆ ದಾಲ್ ಸರೋವರದ ಕಡೆಯಿಂದ ಶಾಲಿಮಾರ್ ಹೊಕ್ಕವರು ನೀರಿಗೆ ಎದುರಾಗಿ ಬೆಟ್ಟದತ್ತ ಏರುತ್ತಾರೆ. ಇಲ್ಲಿ ನೀರಿನ ಜೊತೆಗೇ ಇಳಿಯುತ್ತೇವೆ. ಅಲ್ಲಿ ನೀರು ಬೆಟ್ಟದ ಕೊಡುಗೆ. ಇಲ್ಲಿ ಅದನ್ನು ತಡೆದು ನಿಲ್ಲಿಸಿದ ಮನುಷ್ಯರ ದುಡಿಮೆ ಕಣ್ಣೆದುರಿಗೇ ಇದೆ. ನಕಲೆನ್ನುವವರು ನಕ್ಷೆಯನ್ನು ನೋಡಿದ್ದಾರೆ, ತೋಟವನ್ನು ನಡೆದಿಲ್ಲ.

ಕಾರಂಜಿ ಮಾಡುವುದೇನು? ಕತ್ತಲಾಗುತ್ತಿದ್ದಂತೆ ಜನರೆಲ್ಲ ಸೇತುವೆ ದಾಟಿ ಉತ್ತರದ ತೋಟಕ್ಕೆ ಧಾವಿಸುತ್ತಾರೆ, ಒಂದೇ ದಿಕ್ಕಿಗೆ ಮುಖಮಾಡಿ ಕೂರುತ್ತಾರೆ. ಮಕ್ಕಳು ಕೇಕೆ ಹಾಕುತ್ತಾರೆ, ಒಪ್ಪುತ್ತೇನೆ. ಆದರೆ ಪಂಪು, ಬಣ್ಣದ ದೀಪ, ಧ್ವನಿವರ್ಧಕಗಳಿದ್ದರೆ ಆ ಕಾರಂಜಿಯನ್ನು ಯಾವ ಊರಿನ ಪಾರ್ಕಿನಲ್ಲಾದರೂ ಕೂರಿಸಬಹುದು. ಅದಕ್ಕೆ ಕಾವೇರಿಯೂ ಬೇಡ, ಕಟ್ಟೆಯೂ ಬೇಡ, ಇಳಿಜಾರೂ ಬೇಡ. ಸಂಜೆ ನಾಲ್ಕಕ್ಕೆ ಬಂದು ನಿಧಾನವಾಗಿ ಇಳಿಯಬೇಕಾದ ತೋಟ, ಏಳರ ಆಟಕ್ಕೆ ಕಾಯುವ ಅಂಗಳವಾಗಿದೆ.

ತೋಟ ಹಳತಾಯಿತು, ಹೊಸ ಆಕರ್ಷಣೆ ಬೇಕು ಎಂಬ ವಾದ ಹುಟ್ಟುವುದೂ ಈ ಕಾಯುವಿಕೆಯಿಂದಲೇ. 2018ರಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಯೋಜನೆ ಪ್ರಕಟವಾದಾಗ ಪರಿಸರದ ಬಗ್ಗೆ, ಕಟ್ಟೆಯ ಭದ್ರತೆಯ ಬಗ್ಗೆ ಚರ್ಚೆಯಾಯಿತು, ಆಗಬೇಕಾದದ್ದೇ. ತೋಟದ ರಚನೆಯ ಬಗ್ಗೆಯೂ ಅಷ್ಟೇ ಮಾತು ಏಳಬೇಕಿತ್ತು. ಕಟ್ಟೆಯೊಂದೇ ಎತ್ತರವಾಗಿ ಕಾಣಲೆಂದು ಉಳಿದೆಲ್ಲವನ್ನೂ ತಗ್ಗಿಸಿಟ್ಟಂತಿರುವ ನೆಲ ಇದು. ಇಲ್ಲಿ ಒಂದು ದೈತ್ಯ ತೊಟ್ಟಿಲು ನಿಂತರೂ ಆ ಇಳಿತಕ್ಕೆ ಅರ್ಥವಿರುವುದಿಲ್ಲ.