ಉಸಿರು ಬೇಕು, ಮನುಷ್ಯ ಬೇಡ

ಅಮೆರಿಕದ 'ಕಂಟ್ರಿ' ಸಂಗೀತ ಅಂದರೆ ಬಿಳಿಯ ರೈತನ ಹಾಡು ಅಂತ ನಂಬಿಸಿಬಿಟ್ಟಿದ್ದಾರೆ. ಅಗಲ ಟೋಪಿ, ಕುದುರೆ, ಗಿಟಾರು. ಈ ಸುಳ್ಳನ್ನು ಒಡೆಯೋಕೆ ಒಂದು ಮೌತ್ ಆರ್ಗನ್ ಸಾಕು. ಅದನ್ನು ನುಡಿಸಿದವನ ಹೆಸರು ಡಿಫೋರ್ಡ್ ಬೈಲಿ. ಕರಿಯ. ಗುಲಾಮರ ಮೊಮ್ಮಗ.

1899ರಲ್ಲಿ ಟೆನೆಸಿ ರಾಜ್ಯದ ಸ್ಮಿತ್ ಕೌಂಟಿಯ ಹಳ್ಳಿಗಾಡಿನಲ್ಲಿ ಹುಟ್ಟಿದ. ಮೂರನೇ ವಯಸ್ಸಿಗೆ ಪೋಲಿಯೊ. ಹಾಸಿಗೆ ಹಿಡಿದ ಮಗು ಮಲಗಿಕೊಂಡೇ ಮೌತ್ ಆರ್ಗನ್ ಕಲಿತ. ನಾಯಿ ಬೊಗಳೋದು, ಕೋಳಿ ಕೂಗೋದು, ದೂರದಲ್ಲಿ ಹಾದುಹೋಗೋ ರೈಲು, ಇವೇ ಅವನ ಗುರುಗಳು. ಬೆನ್ನು ಬಾಗಿತು, ಎತ್ತರ ಐದಡಿ ಮುಟ್ಟಲಿಲ್ಲ. ತಾತ ಪಿಟೀಲು ಬಾರಿಸುತ್ತಿದ್ದ. ಮನೆತನದ ಆ ಸಂಗೀತವನ್ನು ಬೈಲಿ 'ಕರಿಯರ ಹಿಲ್‌ಬಿಲಿ ಸಂಗೀತ' ಅಂತಲೇ ಕರೆದ. ಬೆಟ್ಟಗಾಡಿನ ಹಾಡು ಬಿಳಿಯರೊಬ್ಬರ ಸೊತ್ತಲ್ಲ ಅನ್ನೋದು ಆ ಒಂದು ಮಾತಲ್ಲೇ ಇದೆ.

1920ರ ದಶಕದಲ್ಲಿ ನ್ಯಾಶ್‌ವಿಲ್‌ನ ರೇಡಿಯೊ ಕೇಂದ್ರ ಡಬ್ಲ್ಯುಎಸ್‌ಎಂ ಅವನನ್ನು ಕರೆಯಿತು. 1927ರ ಡಿಸೆಂಬರಿನ ಒಂದು ರಾತ್ರಿ, ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗಿದ ಮೇಲೆ, ಬೈಲಿ 'ಪ್ಯಾನ್ ಅಮೆರಿಕನ್ ಬ್ಲೂಸ್' ನುಡಿಸಿದ. ನಿರೂಪಕ ಜಾರ್ಜ್ ಹೇ 'ಗ್ರ್ಯಾಂಡ್ ಆಪೆರಾ'ವನ್ನು ಗೇಲಿ ಮಾಡಿ, ಇದು 'ಗ್ರ್ಯಾಂಡ್ ಓಲ್ ಆಪ್ರಿ' ಅಂದ. ಕಾರ್ಯಕ್ರಮಕ್ಕೆ ಆ ಹೆಸರೇ ಅಂಟಿತು. ಇವತ್ತು ಕಂಟ್ರಿ ಸಂಗೀತದ ದೊಡ್ಡ ಗುಡಿ ಅನ್ನಿಸಿಕೊಂಡಿರೋ ವೇದಿಕೆಗೆ ಹೆಸರು ಹುಟ್ಟಿದ್ದು ಒಬ್ಬ ಕರಿಯನ ಉಸಿರಿನ ಬೆನ್ನಲ್ಲೇ.

ಆ ಕೃತಿಯನ್ನು 'ರೈಲಿನ ಅನುಕರಣೆ' ಅಂತ ಮೆಚ್ಚೋರುಂಟು. ಆ ಮೆಚ್ಚುಗೆಯಲ್ಲಿ ಅರ್ಧ ಅವಮಾನ ಇದೆ. ಗಿಳಿ ಅನುಕರಣೆ ಮಾಡುತ್ತೆ, ಕಲಾವಿದ ಕಟ್ಟುತ್ತಾನೆ. ಕೇಳಿ ನೋಡಿ: ಗಾಲಿ ನಿಧಾನವಾಗಿ ಉರುಳಿ ವೇಗ ಹಿಡಿಯುತ್ತೆ. ಗಾಲಿಯ ತಾಳ ತಪ್ಪದ ಹಾಗೇ ಅದರ ಮೇಲೆ ಸಿಳ್ಳೆ ಏಳುತ್ತೆ. ಊದಿದ ಉಸಿರೂ ಸ್ವರ, ಎಳೆದುಕೊಂಡ ಉಸಿರೂ ಸ್ವರ. ಮಾತಿಲ್ಲ, ಜೊತೆವಾದ್ಯ ಇಲ್ಲ. ಅಂಗೈಯಗಲದ ವಾದ್ಯದಲ್ಲಿ ಇಡೀ ರೈಲು. ಇದು ಲೆಕ್ಕ ಗೊತ್ತಿದ್ದವನ ಕೆಲಸ.

ಆದರೆ ರೇಡಿಯೊದಲ್ಲಿ ಬಣ್ಣ ಕಾಣೋದಿಲ್ಲ, ಬೀದಿಯಲ್ಲಿ ಕಾಣುತ್ತೆ. ಬಿಳಿಯ ಕಲಾವಿದರ ಜೊತೆ ಊರೂರು ತಿರುಗಿದಾಗ, ಅವನ ಹೆಸರಿಗೆ ಜನ ಸೇರುತ್ತಿದ್ದರು, ಅವನಿಗೆ ಮಾತ್ರ ಹೋಟೆಲಿನ ಬಾಗಿಲು ಮುಚ್ಚುತ್ತಿತ್ತು. ಸಹಕಲಾವಿದ ಅಂಕಲ್ ಡೇವ್ ಮೇಕನ್ 'ಇವನು ನನ್ನ ಆಳು' ಅಂತ ಹೇಳಿ ರೂಮು ಕೊಡಿಸಬೇಕಾಗಿತ್ತು. ಕಲಾವಿದನಿಗೆ ಜಾಗ ಇಲ್ಲ, ಆಳಿಗೆ ಇದೆ. ಇದೇ ವ್ಯವಸ್ಥೆ.

1941ರಲ್ಲಿ ಹಾಡುಗಳ ಹಕ್ಕಿನ ಶುಲ್ಕಕ್ಕಾಗಿ ರೇಡಿಯೊ ಮಾಲೀಕರಿಗೂ ಹಕ್ಕುದಾರರ ಸಂಘಕ್ಕೂ ಜಗಳ ಬಂತು. ಬೈಲಿಯ ಹೆಸರಾದ ಕೃತಿಗಳು ರೇಡಿಯೊದಲ್ಲಿ ನಿಂತವು. ಆಪ್ರಿ ಅವನನ್ನೇ ಹೊರಗೆ ಹಾಕಿತು. 1945ರ ತನ್ನ ಪುಸ್ತಕದಲ್ಲಿ ಹೇ ಅವನನ್ನು ಸೋಮಾರಿ ಅಂತ, ತಮ್ಮ ಶುಭಸೂಚಕ ಬೊಂಬೆ ಅಂತ ಬರೆದ. 1928ರಲ್ಲಿ ಬೇರೆ ಯಾರಿಗಿಂತಲೂ ಹೆಚ್ಚು ಸಲ ಆ ವೇದಿಕೆಗೆ ಹತ್ತಿದವನು ಸೋಮಾರಿ! ಹಳೇ ಕೃತಿಗಳೇ ಸಾಕು ಅಂತ ನುಡಿಸಿಕೊಂಡವರು ಅವರೇ, ಹೊಸದು ಕಲಿಯಲಿಲ್ಲ ಅಂತ ದೂರಿದವರೂ ಅವರೇ. ಇದೆಲ್ಲ ಬರೀ ನೆಪ ಅನ್ನೋದು ಬೈಲಿಯ ಮಾತಾಗಿತ್ತು.

ಮುಂದೆ ಬೂಟ್ ಪಾಲಿಶ್ ಅಂಗಡಿಯೇ ಅವನ ಬದುಕು. ವರ್ಷಗಳ ಮೇಲೆ ಬಂದ ಕರೆಗಳನ್ನು ಬಹುಪಾಲು ನಿರಾಕರಿಸಿದ. 1974ರಲ್ಲಿ ಆಪ್ರಿಗೆ ಹೋಗಿ ನುಡಿಸಿದ. 1982ರಲ್ಲಿ ತೀರಿಕೊಂಡ. ಕಂಟ್ರಿ ಸಂಗೀತದ 'ಹಾಲ್ ಆಫ್ ಫೇಮ್' ಅವನ ಹೆಸರು ಬರೆದದ್ದು 2005ರಲ್ಲಿ. ಆಪ್ರಿ ಕ್ಷಮೆ ಕೇಳಿದ್ದು 2023ರಲ್ಲಿ. ಸತ್ತವನಿಗೆ ಹಾರ ಹಾಕೋದು ಸುಲಭ, ಅವನು ಕೂಲಿ ಕೇಳೋದಿಲ್ಲ.

ನಮ್ಮ ಕೇರಿಯ ತಮಟೆ ಇಲ್ಲದೆ ಜಾತ್ರೆ ಹೊರಡದಿದ್ದ ಊರುಗಳಲ್ಲೂ, ಬಡಿದವನು ನಿಂತದ್ದು ಗುಡಿಯ ಹೊರಗೇ. ಅದಕ್ಕೇ ಈ ರೈಲಿನ ಸದ್ದು ನಮಗೆ ದೂರದ್ದಲ್ಲ. ಮೇಷ್ಟ್ರೇ, ನಿಮ್ಮ ಹುಡುಗರಿಗೆ ಮೊದಲು ಆ ಸಂಗೀತ ಕೇಳಿಸಿ. ಆಮೇಲೆ ಕೇಳಿ: ಇದನ್ನು ನುಡಿಸಿದವನು ಆ ರಾತ್ರಿ ಎಲ್ಲಿ ಮಲಗಿದ?