ಪೈಥಾನ್ ಪುನರಾವರ್ತನೆ: ಪುಸ್ತಕ ಕೊಟ್ಟದ್ದು, ನಾವು ಬಿಟ್ಟದ್ದು

ಪದವಿಪೂರ್ವ ಗಣಕ ವಿಜ್ಞಾನದಲ್ಲಿ ನಮ್ಮ ರಾಜ್ಯದ ವಿದ್ಯಾರ್ಥಿಗಳು ಬಹುಕಾಲ ಸಿ++ ಭಾಷೆಯನ್ನು ಕಲಿತರು. ಈಚೆಗೆ ಆ ಸ್ಥಾನಕ್ಕೆ ಪೈಥಾನ್ ಬಂದಿದೆ. ಅದರ ಜೊತೆಗೆ ಎನ್‌ಸಿಇಆರ್‌ಟಿ 2019ರಲ್ಲಿ ಪ್ರಕಟಿಸಿದ ಹನ್ನೊಂದನೆಯ ತರಗತಿಯ ‘ಕಂಪ್ಯೂಟರ್ ಸೈನ್ಸ್’ ಪುಸ್ತಕವೂ ಬಂದಿದೆ. ಪರೀಕ್ಷೆ ಹತ್ತಿರವಾದಾಗ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ವಿದ್ಯಾರ್ಥಿಗಳು ಸಂದೇಹ ಕೇಳಲು ನನ್ನಲ್ಲಿಗೆ ಬರುವುದುಂಟು. ನಾನು ಭೌತಶಾಸ್ತ್ರದ ಅಧ್ಯಾಪಕ. ಸಂಶೋಧನೆಯ ಕಾಲದಲ್ಲಿ ಫೋರ್ಟ್ರಾನ್ ಬರೆದವನು. ಆದರೂ ಅವರ ಕೈಯಲ್ಲಿ ನಾನು ಕಾಣುವುದು ಪಠ್ಯಪುಸ್ತಕವನ್ನಲ್ಲ, ಅದರಿಂದ ಹಿಂಡಿ ತೆಗೆದ ಪ್ರಶ್ನೋತ್ತರಗಳ ಗೈಡನ್ನು. ‘ಪೈಥಾನಿನ ಐದು ಲಕ್ಷಣಗಳನ್ನು ಬರೆಯಿರಿ’ ಎಂಬುದಕ್ಕೆ ಉತ್ತರ ಬಾಯಿಪಾಠವಿರುತ್ತದೆ. ನಾಲ್ಕು ಸಾಲಿನ ಕ್ರಮವಿಧಿ ಏನು ಮುದ್ರಿಸುತ್ತದೆ ಎಂದರೆ ಮೌನ. ಹೀಗಾಗಿ ಪುಸ್ತಕವನ್ನೇ ತೆಗೆದುಕೊಂಡು, ಪುನರಾವರ್ತನೆಗೆ ಅದು ಎಷ್ಟು ನೆರವಾಗುತ್ತದೆ ಎಂದು ಪರಿಶೀಲಿಸುವುದು ಸೂಕ್ತ.

ಪುಸ್ತಕದ ಬಲ

ಪುಸ್ತಕದಲ್ಲಿ ಹನ್ನೊಂದು ಅಧ್ಯಾಯಗಳಿವೆ. ಐದರಿಂದ ಹತ್ತರವರೆಗಿನ ಆರು ಅಧ್ಯಾಯಗಳು ಪೈಥಾನಿಗೆ ಮೀಸಲು: ಭಾಷೆಯ ಪರಿಚಯ, ನಿಯಂತ್ರಣದ ಹರಿವು, ಫಂಕ್ಷನ್, ಸ್ಟ್ರಿಂಗ್, ಲಿಸ್ಟ್, ಕೊನೆಗೆ ಟ್ಯೂಪಲ್ ಮತ್ತು ಡಿಕ್ಷನರಿ. ಈ ಕ್ರಮ ಸರಿಯಾಗಿದೆ. ಇದಕ್ಕೂ ಮೊದಲು ನಾಲ್ಕನೆಯ ಅಧ್ಯಾಯದಲ್ಲಿ ಸಮಸ್ಯೆ ಬಿಡಿಸುವ ಬಗೆ, ಆಲ್ಗರಿದಂ, ಫ್ಲೋಚಾರ್ಟ್ ಬರುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದ ಅತ್ಯಂತ ಬೆಲೆಯುಳ್ಳ ಮಾತು ಅಲ್ಲಿದೆ. ಅದು ‘ಡ್ರೈ ರನ್’, ಎಂದರೆ ಗಣಕವನ್ನು ಮುಟ್ಟದೆ, ಕಾಗದದ ಮೇಲೆ ಒಂದೊಂದೇ ಹೆಜ್ಜೆಯನ್ನು ನಡೆಸಿ ನೋಡುವುದು.

ಐದನೆಯ ಅಧ್ಯಾಯದ ಕೊನೆಯಲ್ಲಿ ದೋಷಗಳ ವಿಂಗಡಣೆಯಿದೆ. ವ್ಯಾಕರಣ ದೋಷವನ್ನು ಗಣಕವೇ ಹಿಡಿಯುತ್ತದೆ. ತಾರ್ಕಿಕ ದೋಷವನ್ನು ಹಿಡಿಯುವುದಿಲ್ಲ. ಪುಸ್ತಕದ ಉದಾಹರಣೆ ಸರಳವಾದದ್ದು: 10 ಮತ್ತು 12ರ ಸರಾಸರಿಗೆ 10+12/2 ಎಂದು ಬರೆದರೆ 11ರ ಬದಲು 16 ಬರುತ್ತದೆ.

ಈ ಮಾತನ್ನು ಭೌತಶಾಸ್ತ್ರದ ಪ್ರಯೋಗಶಾಲೆಗೆ ತಂದು ನೋಡೋಣ. ಸರಳ ಲೋಲಕದ ಆವರ್ತಕಾಲವನ್ನು 2*3.1416*(ಉದ್ದ/ಗುರುತ್ವ)**1/2 ಎಂದು ಬರೆದೆವೆನ್ನಿ. ಉದ್ದ 1 ಮೀಟರ್, ಗುರುತ್ವ 9.8 ಆದಾಗ ಸುಮಾರು 2.01 ಸೆಕೆಂಡ್ ಬರಬೇಕು. ಬರುವುದು 0.32. ಏಕೆಂದರೆ ಘಾತದ ಚಿಹ್ನೆಗೆ ಭಾಗಾಕಾರಕ್ಕಿಂತ ಆದ್ಯತೆ ಹೆಚ್ಚು. ಆವರಣವನ್ನು ಮೊದಲು ಒಂದರ ಘಾತಕ್ಕೇರಿಸಿ, ಆಮೇಲೆ ಎರಡರಿಂದ ಭಾಗಿಸಲಾಗುತ್ತದೆ. ವರ್ಗಮೂಲ ತೆಗೆಯುವುದೇ ಇಲ್ಲ. ಈ ತಪ್ಪನ್ನು ನಾನೇ ಒಮ್ಮೆ ಕರಿಹಲಗೆಯ ಮೇಲೆ ಮಾಡಿದ್ದೇನೆ. ಗಣಕ ಏನನ್ನೂ ಆಕ್ಷೇಪಿಸಲಿಲ್ಲ. ಒಂದು ಮೀಟರ್ ಲೋಲಕ ಎರಡು ಸೆಕೆಂಡಿಗೊಮ್ಮೆ ತೂಗುತ್ತದೆ ಎಂದು ಕಣ್ಣಾರೆ ಕಂಡಿದ್ದ ಒಬ್ಬ ಹುಡುಗಿ ಆಕ್ಷೇಪಿಸಿದಳು. ಆದ್ಯತೆಯ ಪಟ್ಟಿಯನ್ನು ಉರು ಹೊಡೆದದ್ದರಿಂದ ಬರುವ ಅರಿವು ಅದಲ್ಲ.

ಲಿಸ್ಟಿನ ಅಧ್ಯಾಯವೂ ಚೆನ್ನಾಗಿದೆ. ಒಂದು ಲಿಸ್ಟನ್ನು ಇನ್ನೊಂದು ಹೆಸರಿಗೆ ಸಮ ಎಂದು ಬರೆದರೆ ಹೊಸ ಲಿಸ್ಟ್ ಹುಟ್ಟುವುದಿಲ್ಲ, ಎರಡೂ ಹೆಸರು ಒಂದೇ ವಸ್ತುವನ್ನು ಸೂಚಿಸುತ್ತವೆ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ನಮ್ಮ ಭಾಗದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಅಶೋಕನ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ದೇವಾನಾಂಪ್ರಿಯ’ ಎಂಬ ಬಿರುದು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಯ ಶಾಸನದಲ್ಲಿ ಆ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಹೆಸರು ಎರಡು, ಅರಸ ಒಬ್ಬನೇ. ದೇವಾನಾಂಪ್ರಿಯನಿಗೆ ಕಿರೀಟ ತೊಡಿಸಿದರೆ ಅಶೋಕನ ತಲೆ ಬರಿದಾಗಿರಲು ಸಾಧ್ಯವಿಲ್ಲ. ಹಾಗೆಯೇ ಅ = [1, 2, 3] ಎಂದು, ಬಳಿಕ ಬ = ಅ ಎಂದು ಬರೆದು, ಬ ಎಂಬುದಕ್ಕೆ 4ನ್ನು ಸೇರಿಸಿದರೆ, ಅ ಎಂಬುದರಲ್ಲಿಯೂ ನಾಲ್ಕು ಅಂಶಗಳಿರುತ್ತವೆ.

ಪುಸ್ತಕದ ಕೊರತೆ

ಮೊದಲನೆಯದು ಹೆಸರಿಡುವ ನಿಯಮ. ಚರದ ಹೆಸರು ಇಂಗ್ಲಿಷ್ ಅಕ್ಷರ ಅಥವಾ ಅಡಿಗೆರೆಯಿಂದ ಆರಂಭವಾಗಬೇಕು ಎಂದು ಪುಸ್ತಕ ಹೇಳುತ್ತದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆಯಿರಿ. ಆದರೆ ಭಾಷೆಯ ನಿಯಮ ಅಷ್ಟು ಕಿರಿದಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಯೂನಿಕೋಡ್ ಅಕ್ಷರಗಳಿಗೂ ಅವಕಾಶವಿದೆ. ಮೇಲೆ ನಾನು ಬರೆದ ‘ಉದ್ದ’, ‘ಗುರುತ್ವ’ ಎಂಬ ಚರಗಳು ಗಣಕದಲ್ಲಿ ಹಾಗೆಯೇ ನಡೆಯುತ್ತವೆ. ಎರಡನೆಯ ಅಧ್ಯಾಯದಲ್ಲಿ ಯೂನಿಕೋಡನ್ನು ವಿವರಿಸಿದ ಪುಸ್ತಕ ಐದನೆಯದರಲ್ಲಿ ಅದನ್ನು ಮರೆತದ್ದು ವಿಷಾದದ ಸಂಗತಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗನಿಗೆ ತನ್ನ ಭಾಷೆಯ ಪದವನ್ನು ಗಣಕ ಒಪ್ಪುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಎರಡನೆಯದು ದಶಮಾಂಶ ಸಂಖ್ಯೆಗಳ ವಿಚಾರ. ಭಿನ್ನರಾಶಿಯನ್ನು ದ್ವಿಮಾನಕ್ಕೆ ಪರಿವರ್ತಿಸುವುದನ್ನು ಎರಡನೆಯ ಅಧ್ಯಾಯ ಕಲಿಸುತ್ತದೆ. ವಿದ್ಯಾರ್ಥಿ ಅಲ್ಲಿ 0.1ನ್ನು ಪರಿವರ್ತಿಸಿ ನೋಡಿದರೆ ಅದು ಮುಗಿಯುವುದೇ ಇಲ್ಲ: 0.000110011... ಎಂದು ಆವರ್ತಿಸುತ್ತ ಹೋಗುತ್ತದೆ. ಗಣಕ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆದುದರಿಂದಲೇ ಪೈಥಾನಿನಲ್ಲಿ 0.1+0.2 ಎಂದರೆ 0.30000000000000004 ಬರುತ್ತದೆ. ಸೊನ್ನೆಯಿಂದ ಆರಂಭಿಸಿ 0.1ರಂತೆ ಕೂಡುತ್ತ, ಮೊತ್ತ ‘1.0ಕ್ಕೆ ಸಮವಾಗುವವರೆಗೆ’ ಸುತ್ತು ಎಂದು ಬರೆದರೆ ಆ ಸುತ್ತು ನಿಲ್ಲುವುದೇ ಇಲ್ಲ. ಹತ್ತನೆಯ ಸಲ ಮೊತ್ತ 0.9999999999999999 ಆಗಿ, ಮುಂದೆ ಒಂದನ್ನು ದಾಟಿ ಹೋಗುತ್ತದೆ. ಎರಡು ಅಧ್ಯಾಯಗಳ ನಡುವಿನ ಈ ಸೇತುವೆಯನ್ನು ಅಧ್ಯಾಪಕರೇ ಕಟ್ಟಬೇಕು.

ಮೂರನೆಯದು, ನನ್ನ ಮುಖ್ಯ ತಕರಾರು. ನಾಲ್ಕನೆಯ ಅಧ್ಯಾಯದಲ್ಲಿ ಕಲಿಸಿದ ಡ್ರೈ ರನ್ನನ್ನು ಮುಂದಿನ ಪ್ರತಿ ಅಧ್ಯಾಯದ ಕೊನೆಯಲ್ಲೂ ಕಡ್ಡಾಯ ಅಭ್ಯಾಸವಾಗಿ ಇಡಬೇಕಿತ್ತು. ಗೈಡುಗಳಂತೂ ಅದನ್ನು ಎರಡು ಅಂಕದ ವ್ಯಾಖ್ಯೆಯಾಗಿ ಮುಗಿಸಿಬಿಟ್ಟಿವೆ. ಒಂದು ಉದಾಹರಣೆ ನೋಡಿ. ಮೊತ್ತ = 0 ಎಂದಿಟ್ಟು, ರೇಂಜ್(1, 10) ಎಂಬ ವ್ಯಾಪ್ತಿಯ ಪ್ರತಿ ಸಂಖ್ಯೆಯನ್ನು ಮೊತ್ತಕ್ಕೆ ಕೂಡಿದರೆ ಎಷ್ಟು? ಬಹುಪಾಲು ಉತ್ತರ 55. ಕಾಗದದ ಮೇಲೆ ಎರಡು ಕಂಬಗಳ ಕೋಷ್ಟಕ ಹಾಕಿ ನಡೆಸಿದವರಿಗೆ ಮಾತ್ರ 45 ಸಿಗುತ್ತದೆ. 10 ಈ ವ್ಯಾಪ್ತಿಯಲ್ಲಿ ಸೇರುವುದಿಲ್ಲ.

ನಮ್ಮ ಪಾಲಿನ ತಪ್ಪು

ಎಲ್ಲವನ್ನೂ ಪುಸ್ತಕದ ಮೇಲೆ ಹೊರಿಸುವಂತಿಲ್ಲ. ವರ್ಷಗಟ್ಟಲೆ ಸಿ++ ಪಾಠ ಮಾಡಿದ ಅಧ್ಯಾಪಕರು ಹಳೆಯ ಅಭ್ಯಾಸಗಳನ್ನು ಪೈಥಾನಿಗೆ ಹೊತ್ತು ತರುತ್ತೇವೆ. ಸಿ++ನಲ್ಲಿ 7/2 ಎಂದರೆ 3. ಪೈಥಾನ್ 3ರಲ್ಲಿ 3.5. ಪೂರ್ಣಾಂಕ ಭಾಗಲಬ್ಧಕ್ಕೆ ಇಲ್ಲಿ ಎರಡು ಓರೆಗೆರೆ ಬೇಕು. ಅಲ್ಲಿಯೂ ಎಚ್ಚರ ಅಗತ್ಯ: -7//2 ಎಂದರೆ -3 ಅಲ್ಲ, -4, -7%2 ಎಂದರೆ -1 ಅಲ್ಲ, 1. ಸಿ++ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಇನ್‌ಪುಟ್ ಮೂಲಕ ಬಂದದ್ದು ಯಾವಾಗಲೂ ಸ್ಟ್ರಿಂಗ್ ಎಂಬುದನ್ನೂ ಮರೆಯುತ್ತೇವೆ. 7 ಮತ್ತು 5ನ್ನು ಹಾಗೆಯೇ ಕೂಡಿದರೆ 12 ಅಲ್ಲ, 75 ಬರುತ್ತದೆ.

ನಮ್ಮ ಕಡೆ ಒಂದು ಗಣಕದ ಮುಂದೆ ಮೂರು ನಾಲ್ಕು ಮಂದಿ ಕೂರುವ ಪ್ರಯೋಗಾಲಯಗಳನ್ನು ಕಂಡಿದ್ದೇನೆ. ಅಲ್ಲಿ ಕೀಲಿಮಣೆ ಒಬ್ಬನ ಕೈಯಲ್ಲಿರುತ್ತದೆ. ಉಳಿದವರು ರೆಕಾರ್ಡಿಗೆ ನಕಲು ಮಾಡುತ್ತಾರೆ. ಗಣಕ ಸಾಲದು ಎಂಬ ಕೊರಗು ನಿಜವಾದದ್ದೇ. ಆದರೆ ಡ್ರೈ ರನ್ನಿಗೆ ಗಣಕವಾಗಲಿ ವಿದ್ಯುತ್ತಾಗಲಿ ಬೇಕಿಲ್ಲ. ಕಾಯುತ್ತಿರುವ ಮೂವರೂ ಫಲಿತವನ್ನು ಮೊದಲು ಕಾಗದದ ಮೇಲೆ ಬರೆದಿಡಲಿ, ಆಮೇಲೆ ನಾಲ್ಕನೆಯವನು ಕ್ರಮವಿಧಿಯನ್ನು ನಡೆಸಲಿ. ಬರೆದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸವಿದ್ದರೆ ಕಾರಣವನ್ನು ಹುಡುಕಲಿ. ಪೂರ್ವಸೂಚನೆ, ಪ್ರಯೋಗ, ಹೋಲಿಕೆ: ವಿಜ್ಞಾನದ ಎಲ್ಲ ಶಾಖೆಗಳಲ್ಲೂ ನಾವು ಕಲಿಸುವ ಕ್ರಮವಿದು. ಪೆನ್ನು ಹಿಡಿದು ಬರೆಯುವ ಪರೀಕ್ಷೆಯಲ್ಲಿ ಬೇಕಾಗುವ ಸಾಮರ್ಥ್ಯವೂ ಇದೇ.

ಒಟ್ಟಿನಲ್ಲಿ ಪುಸ್ತಕ ಗೈಡುಗಳಿಗಿಂತ ಬಹಳ ಮೇಲು. ವಿದ್ಯಾರ್ಥಿಗಳು ಅದನ್ನೇ ಓದಬೇಕು. ಮುಂದಿನ ಆವೃತ್ತಿಯಲ್ಲಿ ಮೇಲಿನ ಮೂರು ಕೊರತೆಗಳು ತುಂಬಿದರೆ ಒಳ್ಳೆಯದು. ಅಲ್ಲಿಯವರೆಗೆ ಪುನರಾವರ್ತನೆಯನ್ನು ಐದನೆಯ ಅಧ್ಯಾಯದ ವ್ಯಾಖ್ಯೆಗಳಿಂದಲ್ಲ, ನಾಲ್ಕನೆಯ ಅಧ್ಯಾಯದ ಡ್ರೈ ರನ್ನಿನಿಂದ ಆರಂಭಿಸಿ ಎಂಬುದು ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ.