ಒಳಗಿನ ಕಲಾಯಿ ನೋಡಿ

ಹಿತ್ತಾಳೆ ಕಾಫಿ ಫಿಲ್ಟರಿಗೆ ಮತ್ತೆ ಕಾಲ ಬಂದಿದೆ. ಅಜ್ಜಿ ಕಾಲದ್ದನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಹೊಳಪು ಬಂದ ಕೂಡಲೇ ಪುಡಿ ತುಂಬಿ ಬಿಸಿನೀರು ಹೊಯ್ಯುವವರನ್ನು ಕಂಡರೆ ನನಗೆ ಗಾಬರಿಯಾಗುತ್ತದೆ. ಹೊರಗಿನ ಹೊಳಪು ನೋಡುವುದಕ್ಕೆ ಚೆಂದ. ಕುಡಿಯುವವರನ್ನು ಕಾಯುವುದು ಒಳಗಿನ ಕಲಾಯಿ.

ಹಿತ್ತಾಳೆ ಎಂದರೆ ತಾಮ್ರ, ಸತುಗಳ ಬೆರಕೆ. ಕಾಫಿಗೆ ತನ್ನದೇ ಹುಳಿ ಉಂಟು. ಬಿಸಿ ಡಿಕಾಕ್ಷನ್ ಬರಿಯ ಹಿತ್ತಾಳೆಯಲ್ಲಿ ನಿಂತರೆ ತಾಮ್ರ ಅದಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ತೇವದಲ್ಲಿ ಬಿದ್ದ ಪಾತ್ರೆಯ ಹಸಿರು ಕಿಲುಬಂತೂ ಹೊಟ್ಟೆ ತೊಳಸಿ ವಾಂತಿ ತರಿಸುವಂಥದ್ದು. ಇವೆರಡಕ್ಕೂ ಅಡ್ಡ ನಿಲ್ಲುವುದು ತವರದ ಆ ತೆಳು ಪದರ ಒಂದೇ.

ಮೊದಲು ಮೇಲಿನ ಪಾತ್ರೆ, ಕೆಳಗಿನದು, ಪುಡಿ ಒತ್ತುವ ಬಿಲ್ಲೆ, ಮುಚ್ಚಳ ಎಲ್ಲವನ್ನೂ ಬಿಡಿಸಿ. ಮೂಸಿ ನೋಡಿದರೆ ಕಮಟು ವಾಸನೆ ಬರುತ್ತದೆ. ಹಳೆಯ ಕಾಫಿಯ ಎಣ್ಣೆಯಂಶ ಹಳಸಿದ್ದು ಅದು. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಹುಣಸೆಹಣ್ಣು ಹೊರಮೈಗೆ ಸಾಕು. ಸ್ಟೀಲ್ ನಾರು ಒಳಗೆ ಬೇಡವೇ ಬೇಡ, ಉಳಿದಿರುವ ತವರವನ್ನೂ ಕೆರೆದು ತೆಗೆಯುತ್ತದೆ.

ಒಣಗಿದ ಮೇಲೆ ಬಿಸಿಲಿಗೆ ಹಿಡಿಯಿರಿ. ಒಳಗೆಲ್ಲ ಬಿಳುಪೋ ಮಾಸಲು ಬೂದು ಬಣ್ಣವೋ ಇದ್ದರೆ ಸರಿ. ತಳದ ಅಂಚಿನಲ್ಲಿ, ಚಮಚ ತಾಗುವ ಕಡೆ ಹಳದಿ ಇಣುಕಿದರೆ ಕಲಾಯಿಯವರನ್ನು ಹುಡುಕಲೇಬೇಕು. ನವಸಾಗರ ಉದುರಿಸಿ, ಕಾದ ಪಾತ್ರೆಯೊಳಗೆ ತವರ ಕರಗಿಸಿ, ಹತ್ತಿಯಿಂದ ಒಂದೇ ಸಮನೆ ಸವರುವ ಅವರ ಕೈಚಳಕ ನಿಂತು ನೋಡುವಂಥದ್ದು. ನಿಂತು ನೋಡುವುದಕ್ಕೆ ಇನ್ನೂ ಒಂದು ಕಾರಣವಿದೆ. ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆತ ಕಲಾಯಿ ಕಿಲುಬಿಗಿಂತ ಕೆಟ್ಟದ್ದು. ಆದ್ದರಿಂದ ಗುರುತಿನವರ ಹತ್ತಿರವೇ ಹಾಕಿಸಿ, ಶುದ್ಧ ತವರವೇ ಬೇಕೆಂದು ಮೊದಲೇ ಹೇಳಿ. ಹಿಂದೆ ಯಾರೋ ಒಳಗೆ ಬೆಸುಗೆ ಹಾಕಿಸಿದ ಗುರುತಿದ್ದರೆ ಅದರಲ್ಲೂ ಸೀಸವಿರಬಹುದು. ಅಂಥ ಫಿಲ್ಟರ್ ಎಷ್ಟೇ ಪ್ರೀತಿಯದಾದರೂ ಶೋಕೇಸಿನಲ್ಲಿರಲಿ.

ಇನ್ನು ತೂತುಗಳು. ಕಲಾಯಿ ಹಾಕುವಾಗ ತವರ ಅವುಗಳಲ್ಲಿ ನಿಂತುಬಿಡಬಹುದು. ಬಿಸಿ ಆರುವ ಮೊದಲೇ ಕೊಡವಿ ಬಿಡಿಸಿಕೊಡಲು ಕೇಳಿ. ಸ್ಟೀಲ್ ಫಿಲ್ಟರಿನ ತೂತು ಕಟ್ಟಿದರೆ ಒಲೆಯ ಉರಿಗೆ ಹಿಡಿದು ಸುಡುವ ರೂಢಿ ನಮ್ಮಲ್ಲಿದೆ. ಕಲಾಯಿ ಪಾತ್ರೆಗೆ ಅದು ಸಲ್ಲದು, ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗಿಹೋಗುತ್ತದೆ. ಸಣ್ಣ ಸೂಜಿಯಿಂದ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಚುಚ್ಚಿ, ಬೆಳಕಿಗೆ ಹಿಡಿದು ಒಂದೊಂದನ್ನೂ ನೋಡಿ.

ಕುದಿನೀರು ಹೊಯ್ದು ಎರಡು ಮೂರು ಸಲ ಇಳಿಸಿ ಚೆಲ್ಲಿ. ಮೊದಲ ಡಿಕಾಕ್ಷನ್ನನ್ನೂ ಚೆಲ್ಲುವುದು ಒಳ್ಳೆಯದು. ಆಮೇಲೆ ಚಿಕೋರಿ ಕಡಿಮೆಯಿರುವ ಪುಡಿ ಹಾಕಿ. ಚಿಕೋರಿ ಹೆಚ್ಚಾದಷ್ಟೂ ತೂತು ಬೇಗ ಕಟ್ಟುತ್ತದೆ. ಇಳಿದ ಡಿಕಾಕ್ಷನ್ ರಾತ್ರಿಯಿಡೀ ಅದರಲ್ಲೇ ಕೂರುವುದು ಬೇಡ, ಸ್ಟೀಲ್ ಪಾತ್ರೆಗೆ ಬಗ್ಗಿಸಿಕೊಂಡು ಫಿಲ್ಟರನ್ನು ಆಗಲೇ ತೊಳೆದು ಒರೆಸಿಡಿ.